ಆಲಯ ಮತ್ತು ದಿಕ್ಕು: ಕಾಬಾದ ಧಾರ್ಮಿಕ ಮಹತ್ವ ಹಾಗೂ ಕನ್ನಡದ ಪರಿಭಾಷೆ

ಒಂದು ಧರ್ಮದ ಪವಿತ್ರ ಸ್ಥಾನವನ್ನು ಮತ್ತೊಂದು ಧರ್ಮಪರಂಪರೆಯಲ್ಲಿ ಬೆಳೆದ ಪದಗಳ ಮೂಲಕ ವಿವರಿಸುವಾಗ ಆ ಪದಗಳು ತಮ್ಮ ಹಳೆಯ ಅರ್ಥಗಳನ್ನೂ ಜೊತೆಗೆ ಹೊತ್ತು ತರುತ್ತವೆ. ಮಕ್ಕಾ ನಗರದ ಕಾಬಾವನ್ನು ಕುರಿತ ಕನ್ನಡದ ವಿವರಣೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಾಬಾವನ್ನು ‘ದೇವಾಲಯ’ವೆಂದೂ, ಅದರ ಸುತ್ತ ನಡೆಯುವ ತವಾಫನ್ನು ‘ಪ್ರದಕ್ಷಿಣೆ’ಯೆಂದೂ, ಹಜ್ಜನ್ನು ‘ತೀರ್ಥಯಾತ್ರೆ’ಯೆಂದೂ ಕರೆಯುವುದು ಸಾಮಾನ್ಯವಾಗಿದೆ. ಅಪರಿಚಿತವಾದುದನ್ನು ಪರಿಚಿತ ಪದದಿಂದ ತಿಳಿಸುವ ಈ ಕ್ರಮ ಸಹಜವಾದುದೇ. ಆದರೆ ಪರಿಚಿತ ಪದವು ಅಪರಿಚಿತ ವಿಷಯವನ್ನು ತೆರೆದು ತೋರಿಸುವಂತೆಯೇ ಮುಚ್ಚಿಯೂ ಬಿಡಬಲ್ಲದು.

ಇದರ ಪರಿಣಾಮ ಪರಿಭಾಷೆಯ ಎಲ್ಲೆಯನ್ನು ದಾಟುತ್ತದೆ. ‘ದೇವಾಲಯ’ ಎಂದೊಡನೆ ಅದರೊಳಗೆ ಮೂರ್ತಿಯೊಂದನ್ನು ಕಲ್ಪಿಸಿಕೊಳ್ಳುವ ಓದುಗನು, ಮುಸ್ಲಿಮರು ಆ ಕಟ್ಟಡವನ್ನೋ ಅದರ ಮೂಲೆಯ ಕಪ್ಪು ಶಿಲೆಯನ್ನೋ ಪೂಜಿಸುತ್ತಾರೆಂಬ ತೀರ್ಮಾನಕ್ಕೆ ಸುಲಭವಾಗಿ ಬರುತ್ತಾನೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ಆ ಶಿಲೆಯನ್ನು ಶಿವಲಿಂಗವೆಂದು ಊಹಿಸುವ ಜನಪ್ರಿಯ ಬರಹಗಳೂ ಇವೆ. ಶಾಸನ ಅಥವಾ ಸಮಕಾಲೀನ ದಾಖಲೆಗಳ ಆಧಾರವಿಲ್ಲದ ಇಂತಹ ಊಹೆಗಳಿಗೆ ಪರಿಭಾಷೆಯ ಅಜಾಗರೂಕತೆಯೂ ಆಸರೆಯಾಗುತ್ತದೆ. ಪ್ರವಾದಿ ಮುಹಮ್ಮದರ ಬದುಕನ್ನು ಆಧರಿಸಿದ, ಬೊಳುವಾರು ಮಹಮದ್ ಕುಂಞಿ ಅವರ ‘ಓದಿರಿ’ಯಂತಹ ಕಾದಂಬರಿ ಕನ್ನಡದಲ್ಲಿಯೇ ಇರುವಾಗ ಅದನ್ನು ಬೋಧಿಸುವವರಿಗೆ ಈ ಪ್ರಶ್ನೆ ದೂರದ್ದಲ್ಲ. ಕಾಬಾದ ಧಾರ್ಮಿಕ ಅರ್ಥವನ್ನು ಇಸ್ಲಾಮಿನ ಆಕರ, ಆಚರಣೆ ಮತ್ತು ಚರಿತ್ರೆಗಳ ಮೂಲಕ ಗುರುತಿಸಿ, ಅದಕ್ಕೆ ಹೊಂದುವ ಪರಿಕಲ್ಪನೆ ಕನ್ನಡದಲ್ಲಿ ಯಾವುದೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ‘ಮನೆ’ ಎಂಬ ಪದ

ಅರಬ್ಬಿಯ ‘ಕಅಬ’ ಎಂಬ ಪದಕ್ಕೆ ಘನಾಕೃತಿ ಎಂಬ ಅರ್ಥವಿದೆ. ಮಸ್ಜಿದುಲ್ ಹರಾಮ್ ಎಂಬ ವಿಶಾಲ ಮಸೀದಿಯ ಅಂಗಳದ ನಡುವೆ ನಿಂತಿರುವ ಈ ಕಲ್ಲಿನ ಕಟ್ಟಡದ ಎತ್ತರ ಸುಮಾರು 13 ಮೀಟರ್. ಪಾರ್ಶ್ವಗಳು ಸುಮಾರು 11 ಮತ್ತು 13 ಮೀಟರ್. ಕುರ್‌ಆನಿನಲ್ಲಿ ‘ಕಾಬಾ’ ಎಂಬ ಹೆಸರು ಎರಡು ಬಾರಿ ಮಾತ್ರ ಬರುತ್ತದೆ (5:95, 5:97). ಉಳಿದೆಡೆ ಅದನ್ನು ಹೆಚ್ಚಾಗಿ ‘ಬೈತ್’, ಅಂದರೆ ಮನೆ, ಎಂದೇ ಕರೆಯಲಾಗಿದೆ. ಮಾನವರಿಗಾಗಿ ಸ್ಥಾಪಿಸಲಾದ ಮೊದಲ ಮನೆ ಅದೆಂದು ಒಂದೆಡೆ (3:96), ಅದರ ತಳಪಾಯವನ್ನು ಇಬ್ರಾಹೀಮ್ ಮತ್ತು ಅವರ ಮಗ ಇಸ್ಮಾಯೀಲ್ ಎತ್ತರಿಸಿದರೆಂದು ಇನ್ನೊಂದೆಡೆ (2:127) ಹೇಳಲಾಗಿದೆ. ‘ಬೈತುಲ್ಲಾಹ್’, ಅಂದರೆ ಅಲ್ಲಾಹನ ಮನೆ, ಎಂಬ ರೂಢಿಯ ಹೆಸರು ಈ ಹಿನ್ನೆಲೆಯಿಂದ ಬಂದುದು.

ಕನ್ನಡದ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ. ‘ದೇವಾಲಯ’ ಎಂಬ ಪದದ ಅಕ್ಷರಶಃ ಅರ್ಥವೂ ದೇವರ ಮನೆಯೇ. ಆದರೆ ಬಳಕೆಯಲ್ಲಿ ‘ದೇವಾಲಯ’ವು ಪ್ರತಿಷ್ಠಿತ ಮೂರ್ತಿ, ಗರ್ಭಗುಡಿ, ಅರ್ಚಕ, ನೈವೇದ್ಯ ಇವೆಲ್ಲವನ್ನೂ ಒಳಗೊಂಡ ವ್ಯವಸ್ಥೆ. ‘ದೇವರ ಮನೆ’ ಎಂಬ ಅಚ್ಚಗನ್ನಡ ರೂಪವಂತೂ ಗೃಹಸ್ಥರ ಮನೆಯೊಳಗಿನ ಪೂಜೆಯ ಕೋಣೆಯನ್ನು ಸೂಚಿಸುತ್ತದೆ. ಹೀಗೆ ನಿಘಂಟಿನ ಮಟ್ಟದಲ್ಲಿ ಸರಿಸಮನಾದ ಅನುವಾದವು ಅನುಭವದ ಮಟ್ಟದಲ್ಲಿ ಬೇರೆಯದೇ ಚಿತ್ರವನ್ನು ಕಟ್ಟುತ್ತದೆ.

ಕಾಬಾದ ಒಳಭಾಗದಲ್ಲಿ ಮೂರು ಕಂಬಗಳು, ತೂಗುದೀಪಗಳು, ಅಮೃತಶಿಲೆಯ ಹೊದಿಕೆ ಇವೆ. ಆರಾಧನೆಗೆ ಗುರಿಯಾಗುವ ಯಾವ ವಸ್ತುವೂ ಇಲ್ಲ. ನೆಲಮಟ್ಟದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿರುವ ಅದರ ಬಾಗಿಲು ಸಾಮಾನ್ಯ ಯಾತ್ರಿಕರಿಗೆ ತೆರೆಯುವುದಿಲ್ಲ. ಒಳಗೆ ಹೋಗುವುದು ಹಜ್ಜಿನ ವಿಧಿಗಳಲ್ಲಿ ಸೇರಿಯೂ ಇಲ್ಲ. ‘ಮನೆ’ ಎಂಬುದು ಇಲ್ಲಿ ನಿವಾಸವನ್ನು ಸೂಚಿಸದೆ ಸಂಬಂಧವನ್ನು ಸೂಚಿಸುತ್ತದೆ. ಅಲ್ಲಾಹನು ಸ್ಥಳಬದ್ಧನಲ್ಲವೆಂಬ ಇಸ್ಲಾಮಿನ ಮೂಲಭೂತ ನಂಬಿಕೆಯೊಂದಿಗೆ ‘ಅಲ್ಲಾಹನ ಮನೆ’ ಎಂಬ ಹೆಸರು ಹೊಂದಿಕೊಳ್ಳುವುದು ಈ ಅರ್ಥದಲ್ಲಿಯೇ. ಕುರ್‌ಆನಿನ 106ನೆಯ ಅಧ್ಯಾಯ ಕುರೈಷ್ ಕುಲದವರಿಗೆ ಆರಾಧಿಸಲು ಹೇಳುವುದು ಈ ಮನೆಯ ಒಡೆಯನನ್ನು, ಮನೆಯನ್ನಲ್ಲ.

2. ಕಿಬ್ಲಾದ ಪಲ್ಲಟ

ಕಾಬಾದ ಧಾರ್ಮಿಕ ಸ್ಥಾನವನ್ನು ನಿರ್ಣಯಿಸಿದ ಘಟನೆ ಕಿಬ್ಲಾದ ಬದಲಾವಣೆ. ನಮಾಜಿನಲ್ಲಿ ಮುಖ ಮಾಡಬೇಕಾದ ದಿಕ್ಕಿಗೆ ಕಿಬ್ಲಾ ಎಂದು ಹೆಸರು. ಕ್ರಿ.ಶ. 622ರಲ್ಲಿ ಮದೀನಾಕ್ಕೆ ವಲಸೆ ಹೋದ ಬಳಿಕ ಹದಿನಾರು ಅಥವಾ ಹದಿನೇಳು ತಿಂಗಳ ಕಾಲ ಪ್ರವಾದಿಯವರೂ ಅವರ ಅನುಯಾಯಿಗಳೂ ಜೆರುಸಲೇಮಿನ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದರೆಂದು ಹದೀಸ್ ಸಂಗ್ರಹಗಳು ತಿಳಿಸುತ್ತವೆ. 624ರಲ್ಲಿ ಆ ದಿಕ್ಕು ಮಕ್ಕಾದ ಕಡೆಗೆ ಬದಲಾಯಿತು (2:144). ಮದೀನಾದ ಮಸ್ಜಿದುಲ್ ಕಿಬ್ಲತೈನ್, ಅಂದರೆ ಎರಡು ಕಿಬ್ಲಾಗಳ ಮಸೀದಿ, ಈ ಪಲ್ಲಟದ ನೆನಪನ್ನು ಉಳಿಸಿಕೊಂಡಿದೆ.

ಈ ಆದೇಶ ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಬರುವ ಸಂದರ್ಭ ಅಭ್ಯಾಸಯೋಗ್ಯವಾಗಿದೆ. ಅದಕ್ಕೆ ಮೊದಲು, ಪೂರ್ವ ಪಶ್ಚಿಮಗಳೆರಡೂ ಅಲ್ಲಾಹನವೇ, ಎತ್ತ ತಿರುಗಿದರೂ ಅವನ ಸಾನ್ನಿಧ್ಯವಿದೆ ಎಂಬ ಆಶಯದ ಸೂಕ್ತವಿದೆ (2:115). ಆದೇಶದ ನಂತರ, ಮುಖವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸುವುದಷ್ಟೇ ಪುಣ್ಯವಲ್ಲ. ನಂಬಿಕೆ, ಬಡವರಿಗೆ ಮತ್ತು ಅನಾಥರಿಗೆ ನೆರವು, ಕೊಟ್ಟ ಮಾತಿನ ಪಾಲನೆ, ಕಷ್ಟದಲ್ಲಿ ತಾಳ್ಮೆ ಇವು ಪುಣ್ಯ ಎಂಬ ವಿವರಣೆ ಬರುತ್ತದೆ (2:177). ದಿಕ್ಕನ್ನು ವಿಧಿಸುವ ಪಠ್ಯವೇ ಆ ದಿಕ್ಕು ಸ್ವತಃ ಗುರಿಯಾಗದಂತೆ ಎರಡೂ ಬದಿಗೆ ಎಚ್ಚರಿಕೆಯನ್ನು ಇರಿಸಿದೆ.

ಈ ಘಟನೆಯ ಕಾಲಕ್ರಮವೂ ಮುಖ್ಯವಾದುದು. ಕಿಬ್ಲಾ ಬದಲಾದಾಗ ಕಾಬಾ ಇಸ್ಲಾಮನ್ನು ವಿರೋಧಿಸುತ್ತಿದ್ದ ಕುರೈಷರ ವಶದಲ್ಲಿತ್ತು. ಅಲ್ಲಿ ಹುಬಲ್ ಮೊದಲಾದ ವಿಗ್ರಹಗಳಿದ್ದವು. ಮಕ್ಕಾ ಪ್ರವಾದಿಯವರ ವಶವಾಗಿ ವಿಗ್ರಹಗಳು ಹೊರಬಿದ್ದುದು 630ರಲ್ಲಿ. ಅಂದರೆ ಸುಮಾರು ಆರು ವರ್ಷಗಳ ಕಾಲ ಮದೀನಾದ ಮುಸ್ಲಿಮರು, ತಾವು ಸಂಪೂರ್ಣವಾಗಿ ನಿರಾಕರಿಸಿದ ವಿಗ್ರಹಗಳಿದ್ದ ಮನೆಯ ಕಡೆಗೆ ತಿರುಗಿಯೇ ಏಕದೇವನನ್ನು ಪ್ರಾರ್ಥಿಸಿದರು. ಮುಖ ಮಾಡುವ ಕ್ರಿಯೆಗೂ ಆ ಮನೆಯೊಳಗೆ ಏನಿದೆ ಎಂಬುದಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಐತಿಹಾಸಿಕ ನಿದರ್ಶನ ಬೇಕಾಗಿಲ್ಲ. ಅವರು ತಿರುಗಿದ್ದು ಇಬ್ರಾಹೀಮರ ಸ್ಮೃತಿಯ ಕಡೆಗೆ, ಅಲ್ಲಾಹನ ಆದೇಶದ ಕಡೆಗೆ.

3. ಕಟ್ಟಡದ ಚರಿತ್ರೆ ಮತ್ತು ಪಾವಿತ್ರ್ಯದ ನೆಲೆ

ಕಾಬಾದ ಪಾವಿತ್ರ್ಯ ಕಲ್ಲುಗಳಲ್ಲಿ ನೆಲೆಸಿದ್ದರೆ ಕಟ್ಟಡದ ಪ್ರತಿಯೊಂದು ನಾಶವೂ ಧಾರ್ಮಿಕ ಬಿಕ್ಕಟ್ಟಾಗಬೇಕಿತ್ತು. ಚರಿತ್ರೆ ಹಾಗೆ ಹೇಳುವುದಿಲ್ಲ. ಪ್ರವಾದಿತ್ವಕ್ಕೆ ಮೊದಲೇ, ಸುಮಾರು 605ರಲ್ಲಿ, ಕುರೈಷರು ಶಿಥಿಲವಾಗಿದ್ದ ಕಾಬಾವನ್ನು ಮತ್ತೆ ಕಟ್ಟಿದರು. ನ್ಯಾಯವಾಗಿ ಗಳಿಸಿದ ಹಣ ಸಾಲದೆ ಕಟ್ಟಡವನ್ನು ಕಿರಿದುಗೊಳಿಸಿ, ಹಿಜ್ರ್ ಅಥವಾ ಹತೀಮ್ ಎಂಬ ಭಾಗವನ್ನು ಹೊರಗೆ ಬಿಟ್ಟರೆಂಬುದು ಸಾಂಪ್ರದಾಯಿಕ ನಿರೂಪಣೆ. 683ರ ಮುತ್ತಿಗೆಯಲ್ಲಿ ಬೆಂಕಿಗೆ ಸಿಕ್ಕ ಕಟ್ಟಡವನ್ನು ಅಬ್ದುಲ್ಲಾಹ್ ಇಬ್ನ್ ಝುಬೈರ್ ಆ ಭಾಗವನ್ನೂ ಒಳಗೊಂಡು ಎರಡು ಬಾಗಿಲುಗಳೊಂದಿಗೆ ಕಟ್ಟಿಸಿದರು. ಅವರ ಪತನದ ನಂತರ ಉಮಯ್ಯದ್ ಸೇನಾನಿ ಹಜ್ಜಾಜ್ ಅದನ್ನು ಮತ್ತೆ ಕುರೈಷರ ಅಳತೆಗೆ ತಂದನು. 1630ರ ಪ್ರವಾಹದಲ್ಲಿ ಗೋಡೆಗಳು ಕುಸಿದಾಗ ಆಟೊಮನ್ ಸುಲ್ತಾನ ನಾಲ್ಕನೆಯ ಮುರಾದನ ಕಾಲದಲ್ಲಿ ಪುನರ್ನಿರ್ಮಾಣ ನಡೆಯಿತು. ಇಂದಿನ ಕಟ್ಟಡ ಬಹುಮಟ್ಟಿಗೆ ಆ ಕಾಲದ್ದು. 1996ರಲ್ಲಿ ಒಳಭಾಗದ ವ್ಯಾಪಕ ಜೀರ್ಣೋದ್ಧಾರವಾಯಿತು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಕಿಬ್ಲಾ ಬದಲಾಗಲಿಲ್ಲ. ಗೋಡೆಗಳು ಕುಸಿದಾಗಲೂ ನಮಾಜಿನ ದಿಕ್ಕು ಅದೇ ಆಗಿತ್ತು. ಕಾಬಾದ ಒಳಗೆ ನಮಾಜು ಮಾಡುವವನು ಯಾವ ಗೋಡೆಯ ಕಡೆಗೆ ತಿರುಗಿದರೂ ಸರಿ ಎಂಬ ನ್ಯಾಯಶಾಸ್ತ್ರದ ನಿಲುವೂ ಇಲ್ಲಿ ಅರ್ಥಪೂರ್ಣವಾಗಿದೆ: ಜಗತ್ತಿಗೆಲ್ಲ ದಿಕ್ಕನ್ನು ಕೊಡುವ ಬಿಂದುವಿಗೆ ತನ್ನದೇ ಆದ ದಿಕ್ಕಿಲ್ಲ. ಪ್ರತಿವರ್ಷವೂ ಬದಲಾಗುವ ಕಪ್ಪು ಹೊದಿಕೆಯಾದ ಕಿಸ್ವಾದ ವಿಚಾರವೂ ಇಂತಹುದೇ. ಹಿಂದೆ ಬಿಳಿ, ಕೆಂಪು, ಹಸಿರು ಬಣ್ಣಗಳ ಹೊದಿಕೆಗಳೂ ಇದ್ದವು. ದೀರ್ಘಕಾಲ ಹಜ್ಜಿನ ಅವಧಿಯಲ್ಲಿ ನಡೆಯುತ್ತಿದ್ದ ಹೊದಿಕೆಯ ಬದಲಾವಣೆ 2022ರಿಂದ ಮುಹರ್ರಮ್ ತಿಂಗಳ ಮೊದಲ ದಿನಕ್ಕೆ ಸ್ಥಳಾಂತರಗೊಂಡಿತು. ಪಾವಿತ್ರ್ಯದ ನೆಲೆ ಸ್ಥಾನದಲ್ಲಿ ಮತ್ತು ಆ ಸ್ಥಾನಕ್ಕೆ ಅಂಟಿದ ಸ್ಮೃತಿಯಲ್ಲಿ ಇರುವುದರಿಂದ ವಸ್ತುವಿನ ಬದಲಾವಣೆ ಅದನ್ನು ಬಾಧಿಸುವುದಿಲ್ಲ.

4. ಕಪ್ಪು ಶಿಲೆ

ಕಾಬಾದ ಪೂರ್ವ ಮೂಲೆಯಲ್ಲಿರುವ ಹಜರುಲ್ ಅಸ್ವದ್ ಅಥವಾ ಕಪ್ಪು ಶಿಲೆಯ ವಿಷಯದಲ್ಲಿ ತಪ್ಪು ಗ್ರಹಿಕೆಗಳು ಹೆಚ್ಚು. ಇಂದು ಬೆಳ್ಳಿಯ ಚೌಕಟ್ಟಿನಲ್ಲಿ ಜೋಡಿಸಿರುವ ತುಣುಕುಗಳ ರೂಪದಲ್ಲಿರುವ ಈ ಶಿಲೆಯನ್ನು ತವಾಫಿನ ಪ್ರತಿ ಸುತ್ತಿನ ಆರಂಭದಲ್ಲಿ ಸಾಧ್ಯವಾದರೆ ಮುಟ್ಟುವುದು, ಚುಂಬಿಸುವುದು, ಇಲ್ಲವಾದರೆ ದೂರದಿಂದ ಕೈಯೆತ್ತಿ ಸಂಜ್ಞೆ ಮಾಡುವುದು ರೂಢಿ. ಬುಖಾರಿಯ ಹದೀಸ್ ಸಂಗ್ರಹದಲ್ಲಿ ಎರಡನೆಯ ಖಲೀಫ ಉಮರ್ ಈ ಶಿಲೆಯ ಎದುರು ನಿಂತು ಆಡಿದ ಮಾತಿನ ವರದಿಯಿದೆ. ಇದು ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡಲಾಗದ ಕಲ್ಲೆಂಬುದನ್ನು ತಾವು ಬಲ್ಲೆವು, ಪ್ರವಾದಿಯವರು ಚುಂಬಿಸಿದುದನ್ನು ಕಂಡಿರದಿದ್ದರೆ ತಾವು ಚುಂಬಿಸುತ್ತಿರಲಿಲ್ಲ ಎಂಬುದು ಅದರ ಸಾರಾಂಶ. ಶಿಲೆಗೆ ಸ್ವತಂತ್ರ ಶಕ್ತಿಯನ್ನು ನಿರಾಕರಿಸುತ್ತಲೇ ಆಚರಣೆಯನ್ನು ಉಳಿಸಿಕೊಳ್ಳುವ ಈ ನಿಲುವು ಇಸ್ಲಾಮಿನ ಮುಖ್ಯಧಾರೆಯದು.

930ರಲ್ಲಿ ಕರ್ಮತಿಗಳೆಂಬ ಬಂಡುಕೋರ ಪಂಥದವರು ಮಕ್ಕಾದ ಮೇಲೆ ದಾಳಿಮಾಡಿ ಈ ಶಿಲೆಯನ್ನು ಕಿತ್ತೊಯ್ದರು. ಅದು ಮರಳಿ ಬಂದುದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ. ಆ ಇಡೀ ಅವಧಿಯಲ್ಲಿ ಕಾಬಾ ತನ್ನ ಸ್ಥಾನವನ್ನು ಕಳೆದುಕೊಳ್ಳಲಿಲ್ಲ. ಶಿಲೆ ಹೋದೆಡೆಗೆ ಕಿಬ್ಲಾ ಹೋಗಲಿಲ್ಲ. ಮೂರ್ತಿಯ ಪ್ರತಿಷ್ಠೆಯಿಂದ ದೇವಾಲಯವಾಗುವ ಕಟ್ಟಡಕ್ಕೂ ಕಾಬಾಕ್ಕೂ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ. ಇದು ಒಂದಕ್ಕಿಂತ ಇನ್ನೊಂದು ಹೆಚ್ಚೆಂಬ ಮೌಲ್ಯನಿರ್ಣಯವಲ್ಲ. ಎರಡು ಪರಂಪರೆಗಳು ಪಾವಿತ್ರ್ಯವನ್ನು ಕಾಣುವ ಬಗೆಗಳು ಬೇರೆ ಬೇರೆ ಎಂಬುದಷ್ಟೇ ಇದರ ತಾತ್ಪರ್ಯ.

5. ತವಾಫ್ ಮತ್ತು ಹಜ್

ತವಾಫಿಗೆ ‘ಪ್ರದಕ್ಷಿಣೆ’ ಎಂಬ ಪದವನ್ನು ಬಳಸುವಾಗ ಒಂದು ವಿಚಿತ್ರ ವಿರೋಧಾಭಾಸ ಉಂಟಾಗುತ್ತದೆ. ‘ಪ್ರದಕ್ಷಿಣ’ ಪದದಲ್ಲಿಯೇ ಬಲಭಾಗದ ಸೂಚನೆಯಿದೆ. ಹಳಗನ್ನಡದ ‘ಬಲಗೊಳ್’, ‘ಬಲವರ್’ ಎಂಬ ಪ್ರಯೋಗಗಳೂ ಪೂಜ್ಯವಾದುದನ್ನು ಬಲಕ್ಕಿರಿಸಿಕೊಂಡು ಸುತ್ತುವುದನ್ನೇ ಹೇಳುತ್ತವೆ. ತವಾಫಿನಲ್ಲಾದರೋ ಕಾಬಾವನ್ನು ಎಡಕ್ಕಿರಿಸಿಕೊಂಡು ಏಳು ಸುತ್ತು ನಡೆಯಬೇಕು. ಕನ್ನಡದ ಪದವನ್ನು ಅದರ ನಿಜಾರ್ಥದಲ್ಲಿ ತೆಗೆದುಕೊಂಡರೆ ತವಾಫ್ ‘ಅಪ್ರದಕ್ಷಿಣೆ’ಯಾಗುತ್ತದೆ, ಆ ಪದಕ್ಕೆ ಕನ್ನಡದಲ್ಲಿ ಅಶುಭದ, ಅಪರಕರ್ಮದ ಛಾಯೆಯಿದೆ. ಎರಡು ಪದಗಳೂ ಇಲ್ಲಿ ಹೊಂದುವುದಿಲ್ಲ. ‘ಸುತ್ತುಬರುವುದು’ ಎಂಬ ಸರಳ ಕ್ರಿಯಾಪದ ಇವೆರಡಕ್ಕಿಂತ ನಿಷ್ಠವಾದುದು.

‘ತೀರ್ಥಯಾತ್ರೆ’ ಎಂಬ ಪದವು ಹಜ್ಜಿನ ರಚನೆಯನ್ನು ಪೂರ್ಣವಾಗಿ ತಿಳಿಸದು. ತೀರ್ಥಯಾತ್ರೆಯಲ್ಲಿ ಕ್ಷೇತ್ರದ ದರ್ಶನವೇ ಫಲ. ಹಜ್ಜಿನಲ್ಲಿ ಕಾಬಾದ ತವಾಫ್ ಅನಿವಾರ್ಯವಾದರೂ, ಝುಲ್‌ಹಜ್ ತಿಂಗಳ 9ರಂದು ಕಾಬಾದಿಂದ ಸುಮಾರು 20 ಕಿಲೋಮೀಟರ್ ದೂರದ ಅರಫಾತ್ ಬಯಲಿನಲ್ಲಿ ನಿಲ್ಲುವುದು ಅದರ ಸಾರವೆಂದು ಹದೀಸ್ ಸಾರುತ್ತದೆ. ಅರಫಾತಿನಲ್ಲಿ ನಿಲ್ಲುವುದು ತಪ್ಪಿದರೆ ಹಜ್ ಆಗುವುದಿಲ್ಲ. ಕಟ್ಟಡವಿಲ್ಲದ ಬಯಲಿನಲ್ಲಿ, ಹೊಲಿಗೆಯಿಲ್ಲದ ಎರಡು ಬಿಳಿಯ ಬಟ್ಟೆಗಳನ್ನು ಧರಿಸಿದ ಪುರುಷರು, ಸಾಧಾರಣ ಉಡುಗೆಯ ಸ್ತ್ರೀಯರು ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ ಪ್ರಾರ್ಥನೆಯಲ್ಲಿ ತೊಡಗುತ್ತಾರೆ. ಸಫಾ ಮತ್ತು ಮರ್ವಾ ದಿಣ್ಣೆಗಳ ನಡುವೆ ಏಳು ಬಾರಿ ನಡೆಯುವ ಸಈ ಎಂಬ ವಿಧಿಯು, ಹಸುಳೆ ಇಸ್ಮಾಯೀಲನಿಗಾಗಿ ನೀರನ್ನು ಅರಸಿ ಓಡಿದ ತಾಯಿ ಹಾಜರಾಳ ನೆನಪು. ಅರಸರೂ ವಿದ್ವಾಂಸರೂ ಆ ತಾಯಿಯ ಹೆಜ್ಜೆಗಳನ್ನೇ ಅನುಸರಿಸಬೇಕೆಂಬುದು ಈ ವಿಧಿಯ ಸಾಮಾಜಿಕ ಅರ್ಥವನ್ನು ವಿಸ್ತರಿಸುತ್ತದೆ. ಬಲಿಯ ವಿಷಯದಲ್ಲಿಯೂ, ಅಲ್ಲಾಹನನ್ನು ಮುಟ್ಟುವುದು ಮಾಂಸವೋ ರಕ್ತವೋ ಅಲ್ಲ, ಧರ್ಮನಿಷ್ಠೆ ಮಾತ್ರ ಎಂಬ ಆಶಯದ ಸೂಕ್ತವಿದೆ (22:37).

6. ಕಾಣದವರ ಕಾಬಾ

ಹಜ್ ಕಡ್ಡಾಯವಾಗಿರುವುದು ಆರ್ಥಿಕ ಮತ್ತು ದೈಹಿಕ ಸಾಮರ್ಥ್ಯವುಳ್ಳವರಿಗೆ, ಬದುಕಿನಲ್ಲಿ ಒಮ್ಮೆ ಮಾತ್ರ. 2024ರಲ್ಲಿ ಹಜ್ ನಿರ್ವಹಿಸಿದವರು ಸುಮಾರು 18 ಲಕ್ಷ. ಜಗತ್ತಿನ ಮುಸ್ಲಿಮರ ಸಂಖ್ಯೆ 2020ರ ಹೊತ್ತಿಗೆ ಸುಮಾರು 200 ಕೋಟಿ. ಬಹುಪಾಲು ಮುಸ್ಲಿಮರು ಕಾಬಾವನ್ನು ಕಣ್ಣಾರೆ ಕಾಣದೆಯೇ ಬದುಕನ್ನು ಮುಗಿಸುತ್ತಾರೆ. ಆದರೆ ದಿನಕ್ಕೆ ಐದು ಬಾರಿ ಅದರ ಕಡೆಗೆ ತಿರುಗುತ್ತಾರೆ. ಕಾಬಾದ ಧಾರ್ಮಿಕ ಮಹತ್ವದ ಹೆಚ್ಚಿನ ಭಾಗ ಮಕ್ಕಾದ ಹೊರಗೆ, ಅದನ್ನು ಎಂದೂ ಕಾಣದವರ ದೇಹದ ಚಲನೆಯಲ್ಲಿ ಜೀವಂತವಾಗಿದೆ.

ಮುಸ್ಲಿಮರು ‘ಪಶ್ಚಿಮಕ್ಕೆ’ ನಮಾಜು ಮಾಡುತ್ತಾರೆಂಬ ಕರ್ನಾಟಕದ ಸಾಮಾನ್ಯ ತಿಳಿವಳಿಕೆ ಈ ನೆಲದ ಭೌಗೋಳಿಕ ಸ್ಥಾನದಿಂದ ಬಂದುದು. ಇಸ್ತಾಂಬುಲಿನವನು ಆಗ್ನೇಯಕ್ಕೂ, ಪೂರ್ವ ಆಫ್ರಿಕದ ದಾರುಸ್ಸಲಾಮಿನವನು ಉತ್ತರಕ್ಕೂ ತಿರುಗುತ್ತಾನೆ. ಬೆಂಗಳೂರಿನಿಂದಲೂ ಕಾಬಾ ನೇರ ಪಶ್ಚಿಮದಲ್ಲಿಲ್ಲ. ಪಶ್ಚಿಮದಿಂದ ಸುಮಾರು 18 ಡಿಗ್ರಿ ಉತ್ತರಕ್ಕಿದೆ. ಈ ದಿಕ್ಕನ್ನು ಲೆಕ್ಕ ಹಾಕುವ ಅಗತ್ಯ ಮಧ್ಯಯುಗದ ಗಣಿತ ಮತ್ತು ಭೂಗೋಳ ಶಾಸ್ತ್ರಗಳಿಗೆ ಪ್ರೇರಣೆ ನೀಡಿತು. ಅಲ್ ಬಿರೂನಿ ಹನ್ನೊಂದನೆಯ ಶತಮಾನದಲ್ಲಿ ಸ್ಥಳಗಳ ಅಕ್ಷಾಂಶ ರೇಖಾಂಶಗಳನ್ನು ಕುರಿತು ಬರೆದ ಗ್ರಂಥದಲ್ಲಿ ಘಜ್ನಿಯ ಕಿಬ್ಲಾವನ್ನು ನಿರ್ಣಯಿಸಿದ್ದಾನೆ. ಆದರೆ ದಿಕ್ಕು ತಿಳಿಯದ ಪ್ರಯಾಣಿಕನು ತನ್ನ ಪ್ರಾಮಾಣಿಕ ಊಹೆಯಂತೆ ತಿರುಗಿ ಮಾಡಿದ ನಮಾಜು ಸಿಂಧುವೆಂದು ಧರ್ಮಶಾಸ್ತ್ರ ಒಪ್ಪುತ್ತದೆ. ಕೋನದ ನಿಖರತೆಗಿಂತ ತಿರುಗುವ ಸಂಕಲ್ಪ ಮುಖ್ಯವಾಗುವುದು ಇಲ್ಲಿ. ಸಾವಿನಲ್ಲಿಯೂ ಈ ಸಂಬಂಧ ಮುಂದುವರಿಯುತ್ತದೆ. ಕರ್ನಾಟಕದ ಮುಸ್ಲಿಮ್ ಗೋರಿಗಳು ಉತ್ತರ ದಕ್ಷಿಣವಾಗಿ ಚಾಚಿರುವುದು, ಮೃತರ ಮುಖ ಕಿಬ್ಲಾದ ಕಡೆಗಿರಲೆಂದು.

7. ಸೂಫಿ ನೋಟ ಮತ್ತು ಸ್ಥಾವರದ ಪ್ರಶ್ನೆ

ಬಾಹ್ಯ ಕಾಬಾಕ್ಕೂ ಅಂತರಂಗದ ಕಾಬಾಕ್ಕೂ ಇರುವ ಸಂಬಂಧವನ್ನು ಸೂಫಿಗಳು ತೀವ್ರವಾಗಿ ಚರ್ಚಿಸಿದ್ದಾರೆ. ಬಸ್ರಾದ ರಾಬಿಯಾಳನ್ನು ಕುರಿತು ಕವಿ ಅತ್ತಾರ್ ಹೇಳುವ ಐತಿಹ್ಯದಲ್ಲಿ ಅವಳು ಬಯಸುವುದು ಮನೆಯನ್ನಲ್ಲ, ಮನೆಯೊಡೆಯನನ್ನು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಹಲ್ಲಾಜನ ಮೇಲಿದ್ದ ಆರೋಪಗಳಲ್ಲಿ, ಹಜ್ಜಿಗೆ ಪರ್ಯಾಯವಾದ ಆಚರಣೆಯನ್ನು ಬೋಧಿಸಿದನೆಂಬುದೂ ಸೇರಿತ್ತು. ಇಬ್ನ್ ಅರಬಿಯ ಬೃಹತ್ ಕೃತಿ ‘ಅಲ್ ಫುತೂಹಾತುಲ್ ಮಕ್ಕಿಯ್ಯಾ’ದ ಪ್ರೇರಣೆ ಹದಿಮೂರನೆಯ ಶತಮಾನದ ಆರಂಭದಲ್ಲಿ ಅವನು ಕಾಬಾದ ಸನ್ನಿಧಿಯಲ್ಲಿ ಪಡೆದ ಅನುಭವ.

ಕನ್ನಡದ ಅಧ್ಯೇತೃಗಳಿಗೆ ಇಲ್ಲಿ ವಚನಕಾರರ ಸ್ಥಾವರ ಜಂಗಮಗಳ ವಿವೇಚನೆ ನೆನಪಾಗುವುದು ಸಹಜ. ದೇಹವನ್ನೇ ದೇಗುಲವಾಗಿ ಕಾಣುವ ಶರಣರ ನಿಲುವಿಗೂ, ಹೃದಯವನ್ನು ಅಲ್ಲಾಹನ ಮನೆಯಾಗಿ ಕಾಣುವ ಸೂಫಿಗಳ ನಿಲುವಿಗೂ ಸಾಮ್ಯವಿದೆ. ಆದರೆ ಸಾಮ್ಯದ ಎಲ್ಲೆಯನ್ನೂ ಗುರುತಿಸಬೇಕು. ಶರಣರ ವಿಮರ್ಶೆ ಸ್ಥಾವರ ದೇಗುಲದಿಂದ ದೂರ ಸರಿದು ಅಂಗೈಯ ಇಷ್ಟಲಿಂಗದ ಕಡೆಗೆ ನಡೆಯಿತು. ಸೂಫಿಗಳಲ್ಲಿ ಬಹುಪಾಲು ಜನ ಕಿಬ್ಲಾವನ್ನು ಬಿಡದೆಯೇ ಅದರ ಅರ್ಥವನ್ನು ಒಳಮುಖವಾಗಿಸಿದರು. ಕಾಬಾ ಮೊದಲಿನಿಂದಲೂ ‘ಸ್ಥಾವರ’ದ ಅರ್ಥದಲ್ಲಿ ಮಾತ್ರ ನಿಂತಿರದ ಕಾರಣ, ಅದನ್ನು ನಿರಾಕರಿಸುವ ಅನಿವಾರ್ಯತೆ ಅವರಿಗೆ ಒದಗಲಿಲ್ಲ.

8. ದಿಕ್ಕು: ಕನ್ನಡದ ಒಂದು ಸಾಧ್ಯತೆ

ಈ ವಿವೇಚನೆಯ ಹಿನ್ನೆಲೆಯಲ್ಲಿ ಕಾಬಾದ ಅರ್ಥಕ್ಕೆ ‘ಆಲಯ’ಕ್ಕಿಂತ ‘ದಿಕ್ಕು’ ಎಂಬ ಪದ ಹೆಚ್ಚು ಸಮೀಪದ್ದೆಂದು ಹೇಳಬಹುದು. ಕನ್ನಡದಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಪೂರ್ವ ಪಶ್ಚಿಮಾದಿ ದಿಶೆ. ಇನ್ನೊಂದು, ಆಸರೆ. ‘ದಿಕ್ಕಿಲ್ಲದವರು’, ‘ದಿಕ್ಕುಗೆಟ್ಟವರು’, ‘ದೇವರೇ ದಿಕ್ಕು’ ಎಂಬ ಜನಬಳಕೆಯ ನುಡಿಗಳಲ್ಲಿ ಎರಡನೆಯ ಅರ್ಥವೇ ಪ್ರಧಾನ. ಎತ್ತ ತಿರುಗಬೇಕೆಂಬುದನ್ನು ಬಲ್ಲವನಿಗೆ ಆಸರೆಯಿದೆ, ಅದನ್ನು ಕಳೆದುಕೊಂಡವನು ಅನಾಥ ಎಂಬ ಅನುಭವ ಈ ಪದದೊಳಗೆ ಅಡಗಿದೆ.

ಕುರ್‌ಆನಿನಲ್ಲಿ ಕಾಬಾವನ್ನು ಕುರಿತ ನುಡಿಗಳೂ ಈ ಎರಡು ನೆಲೆಗಳಲ್ಲಿ ಹರಡಿವೆ. ಒಂದೆಡೆ ಅದು ಕಿಬ್ಲಾ. ಇನ್ನೊಂದೆಡೆ ಅದು ಜನರು ಮತ್ತೆ ಮತ್ತೆ ಮರಳುವ ತಾಣ ಮತ್ತು ಅಭಯದ ನೆಲೆ (2:125). ಮಾನವರಿಗೆ ‘ಕಿಯಾಮ್’, ಅಂದರೆ ಬದುಕು ನಿಲ್ಲಲು ಬೇಕಾದ ಆಧಾರ (5:97). ಅದರ ಸುತ್ತಲಿನ ಹರಮ್ ಪ್ರದೇಶದಲ್ಲಿ ಬೇಟೆ, ಮರಗಿಡಗಳ ನಾಶ, ರಕ್ತಪಾತ ನಿಷಿದ್ಧ. ಆದರೂ ಒಂದು ಎಚ್ಚರ ಅಗತ್ಯ. ಇಸ್ಲಾಮಿನ ದೃಷ್ಟಿಯಲ್ಲಿ ಪರಮ ಆಸರೆ ಅಲ್ಲಾಹನೊಬ್ಬನೇ. ಕಾಬಾ ಆ ಆಸರೆಯ ಕಡೆಗೆ ಮುಖವನ್ನು ತಿರುಗಿಸುವ ಗುರುತು. ಆದುದರಿಂದ ‘ದಿಕ್ಕು’ ಎಂಬುದನ್ನು ಕಾಬಾದ ಹೆಸರಿನ ಅನುವಾದವಾಗಿ ಬಳಸದೆ, ಅದನ್ನು ಅರಿಯುವ ಕೀಲಿಕೈಯಾಗಿ ಬಳಸುವುದು ಸೂಕ್ತ. ಮಸೀದಿ, ನಮಾಜು, ದರ್ಗಾ, ಉರುಸು ಮೊದಲಾದ ಪದಗಳನ್ನು ಕನ್ನಡ ತನ್ನದಾಗಿಸಿಕೊಂಡಿರುವಂತೆ ಕಾಬಾ, ಕಿಬ್ಲಾ, ತವಾಫ್, ಹಜ್ ಎಂಬ ಪದಗಳನ್ನೂ ಹಾಗೆಯೇ ಉಳಿಸಿಕೊಂಡು ವಿವರಣೆಯಲ್ಲಿ ಕನ್ನಡದ ಅನುಭವಕೋಶವನ್ನು ಬಳಸಬಹುದು.

2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಕಾಬಾದ ಸುತ್ತಲಿನ ಅಂಗಳ ಕೆಲಕಾಲ ಬಹುಪಾಲು ಬರಿದಾಯಿತು. ಆ ವರ್ಷದ ಹಜ್ ಸೌದಿ ಅರೇಬಿಯಾದೊಳಗಿದ್ದ ಅತ್ಯಲ್ಪ ಸಂಖ್ಯೆಯ ಜನರಿಗೆ ಸೀಮಿತವಾಯಿತು. ಮಸೀದಿಗಳೂ ಮುಚ್ಚಿದ್ದ ಆ ದಿನಗಳಲ್ಲಿ ಕೋಟ್ಯಂತರ ಜನ ತಮ್ಮ ಮನೆಗಳೊಳಗೆ ಚಾಪೆ ಹಾಸಿ ಅದೇ ಕಡೆಗೆ ತಿರುಗಿ ನಿಂತರು. ಆಲಯಕ್ಕೆ ಹೋಗುವ ದಾರಿ ಮುಚ್ಚಬಹುದು, ದಿಕ್ಕು ಮುಚ್ಚುವುದಿಲ್ಲ. ಕಾಬಾವನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಈ ಒಂದು ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಿದರೆ, ನೆರೆಯವರ ನಂಬಿಕೆಯನ್ನು ಅವರದೇ ನೆಲೆಯಿಂದ ಅರಿಯುವ ಅಭ್ಯಾಸಕ್ಕೆ ಕನ್ನಡ ನುಡಿಯೇ ನೆರವಾದಂತಾಗುತ್ತದೆ.